ಪಾಳುಬಿದ್ದ ತೊಟ್ಟಿಮನೆಯ ಚಿತ್ರಗಳು: ಬೆಳಕು, ಅನುಮತಿ ಮತ್ತು ಒಂದು ಸಂಕೋಚ

ಪ್ರಶ್ನೆ: ತೊಟ್ಟಿಬೆಳಕು, ಮೈಸೂರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ರಜೆಯ ದಿನಗಳಲ್ಲಿ ಮೈಸೂರಿನ ಹಳೆಯ ಕಟ್ಟಡಗಳ, ಅದರಲ್ಲೂ ಜನವಾಸ ತಪ್ಪಿ ಪಾಳುಬಿದ್ದ ಮನೆಗಳ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದೇನೆ. ಹೋದ ತಿಂಗಳು ಅಗ್ರಹಾರದ ಕಡೆಯ ಒಂದು ತೊಟ್ಟಿಮನೆಯೊಳಗೆ ಹೋಗುವ ಅವಕಾಶ ಸಿಕ್ಕಿತು. ಪಡಸಾಲೆಯ ಅರ್ಧ ಸೂರು ಕುಸಿದಿದೆ. ಉಳಿದರ್ಧದಲ್ಲಿ ಹೆಂಚಿನ ಸಂದುಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಮಣ್ಣು ಕೂತಿದ್ದರೂ ಕಾಲಿನಿಂದ ಸವರಿದರೆ ಹಳೆಯ ಹೊಳಪು ಕಾಣುತ್ತದೆ. ಇಷ್ಟೆಲ್ಲ ಕಣ್ಣಿಗೆ ಕಂಡದ್ದು ಚಿತ್ರದಲ್ಲಿ ಬರಲಿಲ್ಲ. ನಡುವಿನ ತೆರೆದ ತೊಟ್ಟಿಯ ಭಾಗ ಬೆಳ್ಳಗೆ ಸುಟ್ಟುಹೋಗಿದೆ, ಪಡಸಾಲೆ ಕಪ್ಪಾಗಿದೆ, ಕಂಬಗಳು ಒಂದರ ಕಡೆಗೊಂದು ವಾಲಿದಂತಿವೆ. ತಕ್ಕಮಟ್ಟಿಗೆ ಚೆನ್ನಾಗಿ ಬಂದದ್ದು ಒಂದೇ ಚಿತ್ರ. ಅದರಲ್ಲಿಯೂ ಕಂಬದ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆ ಎದ್ದು ಕಾಣುತ್ತಿದ್ದುದರಿಂದ ಅದನ್ನು ಕಂಪ್ಯೂಟರಿನಲ್ಲಿ ಅಳಿಸಬೇಕಾಯಿತು.

ಇದು ತಾಂತ್ರಿಕ ತೊಂದರೆ. ಇನ್ನೊಂದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಹೊರಗೆ ಬರುವಾಗ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಚೆನ್ನಾಗಿದ್ದಾಗ ಯಾರೂ ಬರ್ಲಿಲ್ಲ ಕಣಪ್ಪ, ಬಿದ್ದೋದ್ಮೇಲೆ ಎಲ್ರೂ ಕ್ಯಾಮೆರಾ ಹಿಡ್ಕೊಂಡು ಬರ್ತೀರ" ಎಂದರು. ಬೈದದ್ದೇನೂ ಅಲ್ಲ, ಕುಡಿಯಲು ನೀರನ್ನೂ ಕೊಟ್ಟರು. ಆದರೂ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಇಂತಹ ಕಡೆ ಬೆಳಕನ್ನು ಹೇಗೆ ಹಿಡಿಯಬೇಕು, ಯಾರ ಅನುಮತಿ ಕೇಳಬೇಕು, ಮತ್ತೊಬ್ಬರ ಮನೆ ಬೀಳುವುದರಲ್ಲಿ ನಾವು ಅಂದ ಹುಡುಕುವುದು ಸರಿಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಗಾರೆಗಚ್ಚು, ಮೈಸೂರು

ಬೆಳಕಿನ ಮಾತನ್ನು ಬೇರೆಯವರು ಹೇಳಲಿ. ಹಳೆಯ ಕಟ್ಟಡಗಳ ದುರಸ್ತಿಯಲ್ಲಿಯೇ ಆಯುಷ್ಯ ಕಳೆದವನಾದ ನನಗೆ ನಿಮ್ಮ ಪ್ರಶ್ನೆಯಲ್ಲಿ ಮೊದಲು ಕಂಡದ್ದು "ಅರ್ಧ ಸೂರು ಕುಸಿದಿದೆ" ಎಂಬ ಮಾತು. ಅರ್ಧ ಕುಸಿದ ಸೂರಿನ ಉಳಿದರ್ಧದ ಕೆಳಗೆ ನಿಂತು ಚಿತ್ರ ತೆಗೆದಿದ್ದೀರಿ!

ನಮ್ಮ ಊರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ತೀರಿಕೊಂಡರು. ಅಂದು ಅದು ಪಾಳು ಕಟ್ಟಡವಾಗಿರಲಿಲ್ಲ. ಕೆಳಗೆ ಅಂಗಡಿಗಳು ನಡೆಯುತ್ತಿದ್ದವು. ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಮಳೆಗಾಲದಲ್ಲಿ ಎಂಬುದನ್ನು ಗಮನಿಸಿ. ಸುಣ್ಣದ ಗಾರೆಯ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಹಾಗೆ ಉಸಿರಾಡಿಕೊಂಡೇ ನೂರು ವರ್ಷ ಬದುಕುತ್ತದೆ. ಸೂರು ಸೋರಲು ಬಿಟ್ಟು, ಮೇಲಿಂದ ಸಿಮೆಂಟು ಮೆತ್ತಿ, ಸಂದಿಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಕೀಳದೆ ಹೋದರೆ ಹೀರಿದ ನೀರು ಒಳಗೇ ನಿಂತು ಗಾರೆ ಮಣ್ಣಾಗುತ್ತದೆ.

ಮೈಸೂರಿನ ಹಳೆಯ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಮದ್ರಾಸ್ ತಾರಸಿ ಇರುತ್ತದೆ. ತೇಗದ ಜಂತೆಗಳನ್ನು, ಅಂದರೆ ಸಣ್ಣ ತೊಲೆಗಳನ್ನು, ಸಾಲಾಗಿ ಜೋಡಿಸಿ, ಅವುಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚನ್ನು ಬಡಿದು ಕೂರಿಸುತ್ತಿದ್ದರು. ಇದರ ಮೋಸವೇನೆಂದರೆ, ಜಂತೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತುದಿಯಲ್ಲಿ. ನಡುಭಾಗ ಕೆಳಗಿನಿಂದ ನೋಡಿದರೆ ಕಬ್ಬಿಣದಂತೆ ಕಾಣುತ್ತದೆ. ನಿಮ್ಮ ಮನೆಯದು ಹೆಂಚಿನ ಸೂರು ಎಂದಿದ್ದೀರಿ, ಅದರ ತೊಲೆಗಳ ಕಥೆಯೂ ಇದೇ. ಆದ್ದರಿಂದ ಒಳಗೆ ಕಾಲಿಡುವ ಮುನ್ನ ತೊಲೆ ಗೋಡೆಗೆ ಸೇರುವ ಜಾಗವನ್ನು ನೋಡಿ. ಅಲ್ಲಿ ನೀರು ಇಳಿದ ಗುರುತು, ಗೆದ್ದಲಿನ ಮಣ್ಣಿನ ಗೆರೆ ಅಥವಾ ಕೆಳಗೆ ಹೊಸದಾಗಿ ಉದುರಿದ ಪುಡಿ ಕಂಡರೆ ಆ ಅಂಕಣದ (ಎರಡು ತೊಲೆಗಳ ನಡುವಿನ ಭಾಗದ) ಕೆಳಗೆ ಹೋಗಬೇಡಿ. ಹಳೆಯ ಬಿರುಕಿನಲ್ಲಿ ದೂಳು, ಜೇಡರ ಬಲೆ ಇರುತ್ತವೆ. ಹೊಸ ಬಿರುಕಿನ ಒಳಭಾಗ ಚೊಕ್ಕಟವಾಗಿರುತ್ತದೆ. ಹೆದರಬೇಕಾದದ್ದು ಚೊಕ್ಕಟವಾದದ್ದಕ್ಕೆ. ಮಳೆ ನಿಂತು ಒಣ ಹವೆಯಲ್ಲಿ ಹದಿನೈದು ದಿನವಾದರೂ ಕಳೆಯುವವರೆಗೆ ಕಾಯಿರಿ, ಒಬ್ಬರೇ ಹೋಗಬೇಡಿ, ಬಾವಲಿ ಇರುವ ಕೋಣೆಗೆ ಮೂಗು ಬಾಯಿ ಮುಚ್ಚಿಕೊಳ್ಳದೆ ನುಗ್ಗಬೇಡಿ. ಹಾವಿನ ವಿಚಾರ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಇವೆಲ್ಲ ಎಚ್ಚರಿಕೆಗಾಗಿ ಮಾತ್ರ ಹೇಳಿದ್ದಲ್ಲ. ಬಿರುಕು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ತಿಳಿದವನು ಅದನ್ನು ಚೌಕಟ್ಟಿನಲ್ಲಿ ಇಡುವ ರೀತಿಯೇ ಬೇರೆ.

ಉತ್ತರ: ಹಳೆ ಲೆನ್ಸು, ಮೈಸೂರು

ಮೇಲಿನವರು ಹೇಳಿದ ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಈಗ ಬೆಳಕಿನ ವಿಚಾರ.

ತೊಟ್ಟಿಯ ಆಕಾಶಕ್ಕೂ ಪಡಸಾಲೆಯ ಮೂಲೆಗೂ ಇರುವ ಅಂತರವನ್ನು ಒಂದೇ ಎಕ್ಸ್‌ಪೋಷರಿನಲ್ಲಿ ಹಿಡಿಯಲು ಹೆಚ್ಚಿನ ಕ್ಯಾಮೆರಾಗಳಿಗೆ ಆಗದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8ರಲ್ಲಿ ನಿಲ್ಲಿಸಿ, ಶಟರ್ ವೇಗವನ್ನು ಮಾತ್ರ ಬದಲಿಸುತ್ತಾ ಮೂರು ಚಿತ್ರ ತೆಗೆಯಿರಿ: ಕ್ಯಾಮೆರಾದ ಬೆಳಕಿನ ಮೀಟರು ತೋರಿಸಿದಷ್ಟಕ್ಕೆ ಒಂದು, ಎರಡು ಸ್ಟಾಪ್ ಕಡಿಮೆಗೆ ಒಂದು, ಎರಡು ಸ್ಟಾಪ್ ಹೆಚ್ಚಿಗೆ ಒಂದು. ಎರಡು ಸ್ಟಾಪ್ ಹೆಚ್ಚು ಎಂದರೆ ಬೆಳಕು ನಾಲ್ಕರಷ್ಟಾಗುತ್ತದೆ. ಅರ್ಧ ಸೆಕೆಂಡ್ ಇದ್ದದ್ದು ಎರಡು ಸೆಕೆಂಡ್ ಆಗುತ್ತದೆ. ರಾ ಫೈಲಿನಲ್ಲಿಯೇ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ತೆಗೆದು ಆಮೇಲೆ ಮೂರನ್ನೂ ಕೂಡಿಸಿ. ಆದರೆ ಕೂಡಿಸುವಾಗ ಕೈ ಹಿಡಿತದಲ್ಲಿರಲಿ. ಪ್ರತಿಯೊಂದು ಮೂಲೆಯೂ ಬೆಳಗಿ, ಗೋಡೆಯೆಲ್ಲ ಮದುವೆ ಆಲ್ಬಮ್ಮಿನಂತೆ ಹೊಳೆಯುವ ಎಚ್‌ಡಿಆರ್ (ಹೀಗೆ ಕೂಡಿಸಿದ) ಚಿತ್ರಗಳನ್ನು ಕಂಡರೆ ನನಗೆ ತಲೆನೋವು ಬರುತ್ತದೆ. ಕತ್ತಲ ಮೂಲೆ ಕತ್ತಲಾಗಿಯೇ ಇರಲಿ.

ಕಂಬಗಳು ವಾಲುವುದಕ್ಕೆ ಕಾರಣ, ನೀವು ಸೂರನ್ನೂ ಸೇರಿಸಲು ಹೋಗಿ ಕ್ಯಾಮೆರಾದ ಮೂತಿಯನ್ನು ಮೇಲಕ್ಕೆ ಎತ್ತಿರುವುದು. ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ಬೇಕಾದರೆ ಹಿಂದೆ ಸರಿದು ತೆಗೆಯಿರಿ. ಗೋಡೆ ನಿಜವಾಗಿಯೂ ವಾಲಿರುವ ಮನೆಯಲ್ಲಿ ಲೆನ್ಸು ತಾನೊಂದು ವಾಲು ಸೇರಿಸಿದರೆ ಯಾವುದು ಮನೆಯದು, ಯಾವುದು ಲೆನ್ಸಿನದು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ಗುಟ್ಟು. ಮೈಸೂರು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಏಪ್ರಿಲ್ ತಿಂಗಳ 20ರ ನಂತರದ ಕೆಲವು ದಿನ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ಹೊತ್ತಿನಲ್ಲಿ ತೊಟ್ಟಿಯೊಳಗೆ ಬಿಸಿಲು ನೇರವಾಗಿ ಇಳಿದು, ನೆಲದಿಂದ ಪುಟಿದು, ನಾಲ್ಕೂ ಕಡೆಯ ಪಡಸಾಲೆಗಳನ್ನು ಕೆಳಗಿನಿಂದ ಬೆಳಗುತ್ತದೆ. ಡಿಸೆಂಬರಿನಲ್ಲಾದರೆ ನಡುಮಧ್ಯಾಹ್ನವೂ ಬಿಸಿಲು ಓರೆಯಾಗಿ ತೊಟ್ಟಿಯ ಉತ್ತರದ ಬದಿಗೆ ಬೀಳುತ್ತದೆ. ಒಂದೇ ಮನೆಯನ್ನು ಈ ಎರಡು ಕಾಲಗಳಲ್ಲಿ ತೆಗೆದು ನೋಡಿ. ಹಾಗೆಯೇ ಮೋಡದ ದಿನವನ್ನು ವ್ಯರ್ಥವೆಂದು ತಿಳಿಯಬೇಡಿ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ 1959ರಿಂದ ಹತ್ತಾರು ವರ್ಷ, ಮುಚ್ಚಿಹೋಗುತ್ತಿದ್ದ ಗಣಿಗಳ ಗೋಪುರ, ಎತ್ತರದ ನೀರಿನ ಟ್ಯಾಂಕು, ಕುಲುಮೆಗಳನ್ನು ನೆರಳು ಬೀಳದ ಮಂಕು ಬೆಳಕಿನಲ್ಲಿ, ಎದುರಿನಿಂದ, ಒಂದೇ ರೀತಿಯಲ್ಲಿ ತೆಗೆಯುತ್ತಾ ಹೋದರು. ಅಲ್ಲಿ ಬಿಸಿಲುಕೋಲಿನ ಚಮತ್ಕಾರವೇನೂ ಇಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ.

ಅನುಮತಿಯ ಬಗ್ಗೆ: ಬೀಗವಿಲ್ಲದ ಮನೆ ಎಂದರೆ ಒಡೆಯರಿಲ್ಲದ ಮನೆ ಎಂದಲ್ಲ. ಇಂತಹ ಮನೆಗಳು ಖಾಲಿ ಬಿದ್ದಿರುವುದೇ ಎಷ್ಟೋ ಸಲ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಿಂದ; ಒಬ್ಬರು ಒಪ್ಪಿದರೂ ಇನ್ನೊಬ್ಬರು ಆಕ್ಷೇಪಿಸಬಹುದು. ಅಕ್ಕಪಕ್ಕದವರನ್ನು ವಿಚಾರಿಸಿ, ಒಡೆಯರಿಂದ ಒಂದು ಸಾಲಿನ ಸಂದೇಶವನ್ನಾದರೂ ಫೋನಿನಲ್ಲಿ ಬರೆಸಿಕೊಂಡು ಹೋಗಿ. ಶ್ರೀರಂಗಪಟ್ಟಣದಂತಹ ಕಡೆ ಪುರಾತತ್ತ್ವ ಸರ್ವೇಕ್ಷಣೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಚಿತ್ರವನ್ನು ಜಾಲತಾಣದಲ್ಲಿ ಹಾಕುವಾಗ ಮನೆಯ ವಿಳಾಸ ಕೊಡಬೇಡಿ. ನಿಮ್ಮ ಹಿಂದೆಯೇ ಕಂಬ, ಬಾಗಿಲುವಾಡ ಬಿಚ್ಚಿ ಮಾರುವವರು ಬರುತ್ತಾರೆ.

ಉತ್ತರ: ಆಲೆಮನೆ, ಮಂಡ್ಯ

ಪಾಳುಬಿದ್ದದ್ದು ಎಂದರೆ ಎಲ್ಲರೂ ಅರಮನೆ, ಅಗ್ರಹಾರಗಳನ್ನೇ ಹುಡುಕುತ್ತಾರೆ. ನಮ್ಮ ಕಡೆ ಬನ್ನಿ, ನಿಂತುಹೋದ ಆಲೆಮನೆಗಳನ್ನು ತೋರಿಸುತ್ತೇನೆ. ಗಾಣವನ್ನು ಗುಜರಿಗೆ ಹಾಕಿರುತ್ತಾರೆ, ಕೊಪ್ಪರಿಗೆಯನ್ನು ಯಾರೋ ಕೊಂಡಿರುತ್ತಾರೆ. ಉಳಿಯುವುದು ನೆಲದೊಳಗಿನ ಒಲೆಯ ಬಾಯಿ ಮತ್ತು ಹೊಗೆಗೂಡು. ಒಲೆಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ತುಂಬುತ್ತಿದ್ದವರು ಕುಳಿತ ಜಾಗದಲ್ಲಿ ನೆಲ ಬಟ್ಟಲಿನಂತೆ ಸವೆದಿರುವುದನ್ನು ನಾನು ಕಂಡಿದ್ದೇನೆ. ಹಳೆ ಲೆನ್ಸು ಅವರು ಹೇಳಿದ ಜರ್ಮನಿಯವರಂತೆ ಹೊಗೆಗೂಡುಗಳನ್ನಷ್ಟೇ ಸಾಲಾಗಿ ತೆಗೆದರೂ ಒಳ್ಳೆಯ ಕೆಲಸವಾದೀತು.

ಉತ್ತರ: ಮದ್ದೂರಿನ ಮಗಳು, ಈಗ ಮೈಸೂರು

ಚಿತ್ರ ತೆಗೆಯುವ ವಿದ್ಯೆ ನನಗೆ ತಿಳಿಯದು. ಆದರೆ ನಮ್ಮ ತವರಿನ ಮನೆಯೂ ಹೀಗೆಯೇ ಬಿದ್ದಿದೆ, ಅದರ ಚಿತ್ರಗಳನ್ನು ಯಾರೋ ತೆಗೆದು ಹಾಕಿದ್ದನ್ನು ಫೋನಿನಲ್ಲಿ ಕಂಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಅಡುಗೆಮನೆಯ ಬೆಳಕಿಂಡಿ ಅಷ್ಟು ಚೆನ್ನಾಗಿತ್ತೆಂದು ನನಗೆ ಗೊತ್ತಾದದ್ದೇ ಆಗ. ಅಲ್ಲಿ ಹೊಗೆಯಲ್ಲಿ ಕಣ್ಣುರಿಸಿಕೊಂಡು ಮುದ್ದೆ ಕಟ್ಟುತ್ತಿದ್ದವರಿಗೆ ಬೆಳಕಿಂಡಿಯ ಅಂದ ನೋಡಲು ಪುರುಸೊತ್ತು ಎಲ್ಲಿತ್ತು? ಬೇಸರವಾದದ್ದು ಬೇರೊಂದಕ್ಕೆ. ಮೂಲೆಯಲ್ಲಿದ್ದ ಒನಕೆಯನ್ನು ಅವರು ತಂದು ದೇವರಮನೆಯ ಹೊಸ್ತಿಲಿಗೆ ಒರಗಿಸಿ ಚಿತ್ರ ತೆಗೆದಿದ್ದರು. ಚಿತ್ರಕ್ಕೆ ಒಪ್ಪಿರಬಹುದು, ಆದರೆ ನಮ್ಮ ಮನೆಯಲ್ಲಿ ಒನಕೆಯನ್ನು ಯಾರೂ ಎಂದೂ ಅಲ್ಲಿ ಇಟ್ಟವರಲ್ಲ.

ನೀವು ಅಳಿಸಿದ ಕಪ್ಪು ಕಲೆಯ ಬಗ್ಗೆ ಒಂದು ಮಾತು. ನಮ್ಮ ಪಡಸಾಲೆಯ ಕಂಬದಲ್ಲಿಯೂ ಅಂಥದೇ ಕಲೆ ಇದೆ. ನಮ್ಮಜ್ಜಿ ಸಂಜೆ ಹೊತ್ತು ಅದಕ್ಕೇ ಒರಗಿ ಕುಳಿತು ಬತ್ತಿ ಹೊಸೆಯುತ್ತಿದ್ದರು, ಅವರ ತಲೆಯ ಹರಳೆಣ್ಣೆ ಇಳಿದು ಇಳಿದು ಮರ ಕಪ್ಪಾಗಿದೆ. ನಿಮ್ಮ ಚಿತ್ರದಲ್ಲಿ ಆ ಕಲೆ ಕುಳಿತವರ ತಲೆಯ ಎತ್ತರದಲ್ಲಿದ್ದರೆ ದಯವಿಟ್ಟು ಅದನ್ನು ಹಾಗೆಯೇ ಬಿಡಿ.

ಪ್ರಶ್ನೆ ಕೇಳಿದವರಿಂದ: ತೊಟ್ಟಿಬೆಳಕು

ಎಲ್ಲರಿಗೂ ಧನ್ಯವಾದಗಳು. ಮೂಲ ರಾ ಫೈಲನ್ನು ಉಳಿಸಿಕೊಂಡಿದ್ದೆ, ತೆಗೆದು ನೋಡಿದೆ. ಕಲೆ ಇರುವುದು ಕುಳಿತವರ ಎತ್ತರದಲ್ಲಿ ಅಲ್ಲ, ನಿಂತ ನನ್ನ ಭುಜಕ್ಕಿಂತ ಮೇಲೆ. ಹಾಗಾದರೆ ಏನಿರಬಹುದು ಎಂದು ತಿಳಿಯದೆ, ನಿನ್ನೆ ಆ ಚಿತ್ರದ ಒಂದು ಪ್ರತಿ ಹಾಕಿಸಿಕೊಂಡು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋದೆ. ಮನೆಯೊಳಗೆ ಹೋಗಲಿಲ್ಲ, ಗಾರೆಗಚ್ಚು ಅವರ ಮಾತು ಓದಿದ ಮೇಲೆ ಆ ಸೂರಿನ ಕೆಳಗೆ ಮತ್ತೆ ನಿಲ್ಲುವ ಧೈರ್ಯ ನನಗಿಲ್ಲ.

ಅಜ್ಜಿ ಚಿತ್ರವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಣ್ಣೆಯಲ್ಲ ಕಣಪ್ಪ, ಲಾಟೀನಿನ ಮಸಿ. ಕರೆಂಟು ಬರೋಕ್ ಮುಂಚೆ ಅಲ್ಲೇ ತಗಲಿ ಹಾಕ್ತಿದ್ರು. ಮೇಲೆ ಮೊಳೆ ಇರಬೇಕು ನೋಡು" ಎಂದರು. ರಾತ್ರಿ ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕಲೆಯ ನೆತ್ತಿಯಲ್ಲಿ, ಸ್ವಲ್ಪ ಕೆಳಕ್ಕೆ ಬಾಗಿದ ಮೊಳೆ ಇದೆ.