ಪದಚರ್ಚೆ: ‘ಜೆಸ್ಚರ್’ ಎಂದರೆ ಸನ್ನೆಯೋ, ಬರೀ ಕೈಯಾಟವೋ?

ಎಲ್ಲರಿಗೂ ನಮಸ್ಕಾರ.

ಆಪರೇಷನ್ ಥಿಯೇಟರಿನಲ್ಲಿ ಏನನ್ನೂ ಮುಟ್ಟದೆ, ಗ್ಲೌಸ್ ಹಾಕಿದ ಕೈಯಾಡಿಸಿಯೇ ಸ್ಕ್ಯಾನ್ ಚಿತ್ರಗಳನ್ನು ತಿರುವಿಹಾಕುವ ಪರದೆಗೆ, ಅಲ್ಲಿನ ಸಿಬ್ಬಂದಿಗಾಗಿ ಕನ್ನಡ ಕೈಪಿಡಿ ತಯಾರಾಗುತ್ತಿದೆ. ಜೆಸ್ಚರ್‌ಗೆ ‘ಸನ್ನೆ’, ಸ್ವೈಪ್‌ಗೆ ‘ಬೀಸು’, ಪುಶ್‌ಗೆ ‘ಒತ್ತು’, ಪಿಂಚ್‌ಗೆ ‘ಚಿಟಿಕೆ’ ಎಂದು ಹಾಕಿದ್ದೇವೆ. ಟಚ್‌ಲೆಸ್‌ಗೆ ‘ಸ್ಪರ್ಶರಹಿತ’ ಇದೆ, ನಾಲಿಗೆಗೆ ಒಗ್ಗುತ್ತಿಲ್ಲ. ಗೊರಿಲ್ಲಾ ಆರ್ಮ್, ಮೈಡಾಸ್ ಟಚ್, ಪ್ರೊಪ್ರಿಯೊಸೆಪ್ಷನ್ ಮೂರಕ್ಕೂ ಏನೂ ಹೊಳೆದಿಲ್ಲ. ಬಲ್ಲವರು ತಿದ್ದಬೇಕು.

— ದಾವಣಗೆರೆ

ನಮಸ್ಕಾರ ಮೇಡಂ.

‘ಸನ್ನೆ’ ಒಳ್ಳೆಯ ಪದವೇ, ಆದರೆ ಎಲ್ಲ ಕಡೆ ಹಾಕಬೇಡಿ. ಕಣ್ಸನ್ನೆಯಿರಲಿ ಕೈಸನ್ನೆಯಿರಲಿ, ಮಾಡುವವರಿಗೆ ಉದ್ದೇಶ ಇರುತ್ತದೆ, ಎದುರಿಗಿರುವವರಿಗೆ ಅದು ಹೊಳೆಯುತ್ತದೆ. ಕ್ಯಾಮೆರಾಕ್ಕೆ ಉದ್ದೇಶ ಕಾಣುವುದಿಲ್ಲ, ಚಲನೆಯಷ್ಟೇ ಕಾಣುತ್ತದೆ. ಡಾಕ್ಟರು ನರ್ಸ್ ಕಡೆ ಕೈ ಚಾಚಿ ಕತ್ತರಿ ಇಸಿದುಕೊಂಡರೂ ಅದಕ್ಕೆ ಅಪ್ಪಣೆಯಂತೆ ಕಾಣಬಹುದು. ಹಾಗಾಗಿ ಕ್ಯಾಮೆರಾ ಕಾಣುವುದೆಲ್ಲ ‘ಕೈಯಾಟ’, ಯಂತ್ರ ಅಪ್ಪಣೆಯೆಂದು ಒಪ್ಪುವುದು ಮಾತ್ರ ‘ಸನ್ನೆ’ ಎಂದು ಎರಡು ಪದ ಇಟ್ಟುಕೊಳ್ಳಿ.

ಮೈಡಾಸ್ ಎಂದರೆ ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದು ಪೇಚಿಗೆ ಸಿಕ್ಕ ಗ್ರೀಕ್ ಕಥೆಯ ರಾಜ; ಮೈಡಾಸ್ ಟಚ್ ಎಂಬ ಹೆಸರು ಹೊರಟದ್ದು ಈ ತೊಂದರೆಯಿಂದಲೇ. ಕಣ್ಣೋಟದಿಂದ ನಡೆಸುವ ಪರದೆಗಳ ಬಗ್ಗೆ 1990ರ ಸುಮಾರಿಗೆ ಕಂಪ್ಯೂಟರ್ ಸಂಶೋಧಕ ರಾಬರ್ಟ್ ಜೇಕಬ್ ಇದನ್ನು ಬಳಸಿದರು: ಸುಮ್ಮನೆ ನೋಡಿದ್ದೆಲ್ಲ ಆಯ್ಕೆಯಾಗಿಬಿಟ್ಟರೆ ಏನು ಗತಿ? ನಮಗೆ ‘ಭಸ್ಮಾಸುರನ ಕೈ’ ಇದ್ದೇ ಇದೆ, ಇನ್ನೂ ಚೆನ್ನಾಗಿ ಹೊಂದುತ್ತದೆ. ಅವನು ಸತ್ತದ್ದು ಮೋಹಿನಿಯ ಕುಣಿತ ನೋಡಿ ತಾನೂ ಹಾಗೇ ತಲೆಯ ಮೇಲೆ ಕೈ ಇಟ್ಟಾಗ. ಅವನಿಗೆ ಅದು ಕುಣಿತ, ವರಕ್ಕೆ ಅದು ಅಪ್ಪಣೆ! ಇದಕ್ಕೆ ಮದ್ದು, ಕೆಲಸಕ್ಕೆ ಮೊದಲು ಅಂಗೈ ಎತ್ತಿ ತೋರಿಸುವಂಥ ಒಂದು ಆರಂಭದ ಸನ್ನೆ. ಅದನ್ನು ‘ಕ್ಲಚ್’ ಎಂದೇ ಬಿಡಿ, ಬೈಕ್ ಓಡಿಸುವವರಿಗೆಲ್ಲ ಗೊತ್ತು.

‘ಬೀಸು’ ಬೇಡ. ನಮ್ಮ ಕಡೆ ರಾಗಿ ಬೀಸುತ್ತಾರೆ, ಅದು ಸುತ್ತುವ ಚಲನೆ. ಗಾಳಿಗೆ ಬೀಸಣಿಗೆ ಬೀಸುತ್ತಾರೆ, ಅದು ಅತ್ತಿತ್ತ. ‘ಕೈ ಬೀಸಿ’ ಎಂದು ಬರೆದರೆ ಅರ್ಧ ಜನ ಟಾಟಾ ಮಾಡುತ್ತಾರೆ. ಎಡಕ್ಕೆ ಹೋದ ಕೈ ಬಲಕ್ಕೆ ವಾಪಸ್ ಬರುವುದನ್ನೂ ಯಂತ್ರ ಇನ್ನೊಂದು ಸನ್ನೆಯೆಂದು ಓದಿ, ತಿರುಗಿದ ಪುಟವನ್ನು ಮತ್ತೆ ಹಿಂದಕ್ಕೆ ತರುತ್ತದೆ. ‘ಸರಿಸು’ ಸರಿಯಾದ ಪದ, ಏಕೆಂದರೆ ಅದಕ್ಕೆ ಒಂದೇ ದಿಕ್ಕು. ಆದರೆ ‘ಪರದೆ ಸರಿಸಿದಂತೆ’ ಎಂದು ಮಾತ್ರ ಬರೆಯಬೇಡಿ, ಯಾರಾದರೂ ಮಾನಿಟರನ್ನೇ ನೂಕಿಯಾರು. ‘ಅಂಗೈಯನ್ನು ಎಡಕ್ಕೆ ಒಂದು ಗೇಣು ಸರಿಸಿ, ಕೈ ಕೆಳಗಿಳಿಸಿ, ಆಮೇಲೆ ಮೊದಲಿನ ಜಾಗಕ್ಕೆ ತನ್ನಿ’ ಎಂದರೆ ಆ ತೊಂದರೆಯೂ ತಪ್ಪುತ್ತದೆ.

‘ಒತ್ತು’ ಎನ್ನುವುದರಲ್ಲಿ ದೇಹದ್ದೇ ತಕರಾರಿದೆ. ತೋಳು ಭುಜದಲ್ಲೂ ಮೊಣಕೈಯಲ್ಲೂ ಕೀಲಿನಂತೆ ತಿರುಗುವುದರಿಂದ ಮುಂದಕ್ಕೆ ಚಾಚಿದ ಕೈ ನೇರ ಗೆರೆಯಲ್ಲಿ ಹೋಗದೆ ಕಮಾನಿನಂತೆ ಬಾಗಿ ಹೋಗುತ್ತದೆ. ಗುಂಡಿಯ ಮೇಲಿದ್ದ ಬಾಣದ ಗುರುತು ಒತ್ತುವಷ್ಟರಲ್ಲಿ ಜಾರಿರುತ್ತದೆ. ಗಾಜಿನ ಪರದೆಯಾದರೆ ಬೆರಳನ್ನು ತಡೆದು ‘ಆಯ್ತು’ ಎಂದು ಹೇಳುತ್ತದೆ, ಗಾಳಿ ಹೇಳುವುದಿಲ್ಲ. 2010ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಗೇಮ್ ಯಂತ್ರಕ್ಕೆ ಬಂದ, ಮೈಯ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾದ ಮೆನುಗಳಲ್ಲಿ ಗುಂಡಿಯ ಮೇಲೆ ಕೈ ತಡೆದು ನಿಲ್ಲಿಸಿ, ಸುತ್ತ ಉಂಗುರ ತುಂಬುವವರೆಗೆ ಕಾಯಬೇಕಿತ್ತು. ನಿಮ್ಮ ಪರದೆಯೂ ಹಾಗೆಯೇ ಇದ್ದರೆ ‘ತಡೆ’ ಎನ್ನಿ, ‘ಒತ್ತು’ ಎನ್ನಬೇಡಿ.

ಪ್ರೊಪ್ರಿಯೊಸೆಪ್ಷನ್ ಪದವನ್ನು 1906ರಲ್ಲಿ ಬಳಕೆಗೆ ತಂದವರು ನರಮಂಡಲದ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ, ಎಷ್ಟು ಬಾಗಿದೆ ಎಂದು ಸ್ನಾಯು, ಕೀಲುಗಳಿಂದಲೇ ತಿಳಿಯುತ್ತದಲ್ಲ, ಅದು. ‘ಮೈಮರೆವು’ ಇರುವ ಭಾಷೆಗೆ ‘ಮೈಯರಿವು’ ಭಾರವಾಗದು. ಈ ಅರಿವಿನಿಂದ ಕೈ ಎಲ್ಲಿದೆ ಎಂದು ಗೊತ್ತಾಗುತ್ತದೆ, ಪರದೆಯ ಮೇಲೆ ಅದು ಎಲ್ಲಿಗೆ ತಲುಪಿದೆ ಎಂದು ಗೊತ್ತಾಗುವುದಿಲ್ಲ. ಅದನ್ನು ಕಣ್ಣೇ ಹೇಳಬೇಕು. ಕೈ ಒಂದು ಗೇಣು ಸರಿದರೆ ಗುರುತು ಇಡೀ ಪರದೆ ದಾಟುವಂತೆ ಇಟ್ಟಿದ್ದರೆ ಕೈಯ ಸಣ್ಣ ನಡುಕವೂ ಅಷ್ಟೇ ಪಾಲು ದೊಡ್ಡದಾಗುತ್ತದೆ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸೂಕ್ಷ್ಮವಾಗಿ ನಡುಗುತ್ತದೆ. ನಡುಕವನ್ನು ಸೋಸಲು ಹೋದರೆ ಗುರುತು ಕೈಗಿಂತ ಹಿಂದೆ ಬೀಳುತ್ತದೆ. ಕೈಪಿಡಿಯಲ್ಲಿ ಇವೆರಡಕ್ಕೂ ‘ನಡುಕ’, ‘ತಡ’ ಸಾಕು.

ಗೊರಿಲ್ಲಾ ಆರ್ಮ್, ಅಂದರೆ ಕೈ ಎತ್ತಿ ಹಿಡಿದೇ ತೋಳು ದಣಿಯುವುದು; ಅದಕ್ಕೆ ಯೋಚನೆಯೇ ಬೇಡ: ‘ರಟ್ಟೆ ಸೋಲು’. ಚಿತ್ರದುರ್ಗದ ಕಡೆ ‘ರಟ್ಟೆ ಸೋತವು’ ಎಂದರೆ ಯಾರೂ ವಿವರಣೆ ಕೇಳುವುದಿಲ್ಲ. ತೋಳನ್ನು ಭುಜದ ಮಟ್ಟಕ್ಕೆ ಚಾಚಿ ಹಿಡಿದರೆ ಅದರ ಭಾರವೆಲ್ಲ ಭುಜದ ಸ್ನಾಯುಗಳ ಮೇಲೆ. ಮೊಣಕೈ ಪಕ್ಕೆಗೆ ಹತ್ತಿರ, ಅಂಗೈ ಸೊಂಟಕ್ಕೂ ಎದೆಗೂ ನಡುವೆ ಇರಲಿ ಎಂದು ಬರೆಯಿರಿ.

ಟಚ್‌ಲೆಸ್‌ಗೆ ವಿಶೇಷಣ ಹುಡುಕಬೇಡಿ. ‘ಮುಟ್ಟದೆ ನಡೆಸುವ ಪರದೆ’ ಎಂದರೆ ಮುಗಿಯಿತು. ‘ಮುಟ್ಟಬಾರದ ಪರದೆ’ ಎಂದರೆ ಅದು ಟ್ರಾನ್ಸ್‌ಫಾರ್ಮರ್ ಮೇಲಿನ ಬೋರ್ಡ್ ಆಗುತ್ತದೆ.

ಕೊನೆಯದು ‘ಚಿಟಿಕೆ’. ಇದಕ್ಕೆ ಎರಡು ಅರ್ಥ: ಚಿಟಿಕೆ ಉಪ್ಪು, ಚಿಟಿಕೆ ಹೊಡೆಯುವುದು. ‘ಚಿಟಿಕೆ ಮಾಡಿ’ ಎಂದರೆ ಕೆಲವರು ಬೆರಳಲ್ಲಿ ಸದ್ದು ಮಾಡಿ ಕಾಯುತ್ತಾರೆ. ‘ಚಿಟಿಕೆ ಉಪ್ಪು ಹಿಡಿದಂತೆ ಹೆಬ್ಬೆರಳು, ತೋರುಬೆರಳಿನ ತುದಿ ಕೂಡಿಸಿ’ ಎಂದು ಬಿಡಿಸಿ ಬರೆಯಿರಿ. ಮುಂಗೈ ಕ್ಯಾಮೆರಾಕ್ಕೆ ಅಡ್ಡ ಬಂದರೆ ಬೆರಳ ತುದಿ ಕಾಣುವುದಿಲ್ಲ ಎಂಬುದನ್ನೂ ಸೇರಿಸಿ. ದನದ ಸಂತೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವಾಗ ಕಣ್ಣಿಗೆ ಕೆಲಸವಿಲ್ಲ, ಎಲ್ಲ ಸ್ಪರ್ಶವೇ. ಇಲ್ಲಿ ಅದರ ತಿರುವುಮುರುವು. ಚಿಟಿಕೆಯೊಂದರಲ್ಲಿ ಮಾತ್ರ ನಮ್ಮ ಬೆರಳಿಗೆ ನಮ್ಮದೇ ಬೆರಳು ತಾಗಿ, ಸನ್ನೆ ಮುಗಿಯಿತೆಂದು ಚರ್ಮಕ್ಕೇ ತಿಳಿಯುತ್ತದೆ. ಆಯ್ಕೆಯ ಸನ್ನೆ ಯಾವುದಿರಬೇಕೆಂದು ತಯಾರಕರು ನಿಮ್ಮನ್ನು ಕೇಳಿದರೆ ಇದನ್ನೇ ಹೇಳಿ.

— ಚಿತ್ರದುರ್ಗ