ಅಪ್‌ಡೇಟ್: ತಿರುವಿನಲ್ಲಿ ನೇರ ಓಡುತ್ತಿದ್ದ ಗೋ-ಕಾರ್ಟ್

ನಿಧಾನದ ತಿರುವುಗಳಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ನನ್ನ ಗೋ-ಕಾರ್ಟ್ (ಟ್ರ್ಯಾಕ್‌ನಲ್ಲಿ ಓಡಿಸುವ ಪುಟ್ಟ ರೇಸ್ ಗಾಡಿ) ನೇರ ಹೋಗುತ್ತೆ ಅಂತ ಕೇಳಿದ್ದೆನಲ್ಲ, ಈಗ ಬಹುತೇಕ ಸರಿಹೋಗಿದೆ. ನೀವು ಹೇಳಿದ ಹಾಗೆ ಮುಂದಿನ ಚಕ್ರಗಳಿಗೆ ಎರಡೂ ಕಡೆ 5 ಮಿ.ಮೀ. ಸ್ಪೇಸರ್ (ಚಕ್ರವನ್ನು ಹೊರಗೆ ಸರಿಸುವ ಬಳೆ) ಹಾಕಿದೆ. ಸ್ವಲ್ಪ ವ್ಯತ್ಯಾಸ, ಅಷ್ಟೇ.

ನಿಜವಾದ ಬದಲಾವಣೆ ಕಂಡಿದ್ದು ಕ್ಯಾಸ್ಟರ್ (ಮುಂಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಮಾಡಿದ ಮೇಲೆ. ಕಾರ್ಟ್‌ಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಒಳಗಿನ, ಹೊರಗಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್) ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸೆಲ್‌ನಲ್ಲಿ, ಒಂದೇ ವೇಗದಲ್ಲಿ ಸುತ್ತುತ್ತವೆ. ಹಾಗಾಗಿ ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಡಲೇಬೇಕು, ಅಲ್ವಾ? ಕ್ಯಾಸ್ಟರ್ ಜಾಸ್ತಿಯಾದ ಮೇಲೆ ಈಗ ಬಿಡುತ್ತಿದೆ! ಸ್ಟಿಯರಿಂಗ್ ಮಾತ್ರ ಭಾರವಾಗಿದೆ, ಮಣಿಕಟ್ಟು ನೋಯುತ್ತೆ.

ಕ್ಯಾಸ್ಟರ್ ಮುಟ್ಟಿದರೆ ಟೋ (ಮುಂಚಕ್ರಗಳು ಒಳಗೆ ಅಥವಾ ಹೊರಗೆ ಮುಖ ಮಾಡಿರುವ ಪ್ರಮಾಣ) ಮತ್ತೆ ಅಳೆಯಿರಿ, ನನ್ನದು ಬದಲಾಗಿತ್ತು. ಇದೆಲ್ಲ ಬೆಂಗಳೂರಿನ ಬೆಳಗಿನ ತಂಪಲ್ಲಿ ನೋಡಿದ್ದು. ಮಧ್ಯಾಹ್ನ ಟ್ರ್ಯಾಕ್ ಕಾದರೆ ಟೈರ್ ಪ್ರೆಷರ್ ಏರುತ್ತೆ, ಆಗ ಶುರುವಿನಲ್ಲೇ ಸ್ವಲ್ಪ ಕಡಿಮೆ ಗಾಳಿ ಇಟ್ಟು ಓಡಿಸಿ ನೋಡಬೇಕು.