ಅಣು ಕುಟುಂಬವೋ, ವಿಭಕ್ತ ಕುಟುಂಬವೋ?

ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವಳು. ಮಗಳ ನೋಟ್‌ಬುಕ್ಕಿನಲ್ಲಿ ‘ಅಣು ಕುಟುಂಬ’ ಅಂತ ಬರೆದಿತ್ತು. ಮಲಯಾಳದಲ್ಲಿ ‘ಅಣುಕುಡುಂಬಂ’ ಎನ್ನುತ್ತಾರೆ, ಅಲ್ಲಿಂದ ಬಂದಿರಬೇಕು. ನಾನು ಮಂಗಳೂರಿನಲ್ಲಿ ಓದಿದ್ದು ‘ವಿಭಕ್ತ ಕುಟುಂಬ’. ಗಂಡ, ಹೆಂಡತಿ, ಮಕ್ಕಳು ಇಷ್ಟೇ ಜನ ಇರುವ ಮನೆಗೆ, ಅಂದರೆ ಇಂಗ್ಲಿಷಿನ ‘ನ್ಯೂಕ್ಲಿಯರ್ ಫ್ಯಾಮಿಲಿ’ಗೆ, ಎರಡು ಹೆಸರು. ಆದರೆ ಎರಡೂ ಹೇಳುವುದು ಒಂದೇ ಮಾತಲ್ಲ.

‘ವಿಭಕ್ತ’ ಅಂದರೆ ಪಾಲಾದದ್ದು. ಮೊದಲು ದೊಡ್ಡ ಮನೆ ಇತ್ತು, ಆಮೇಲೆ ಒಡೆಯಿತು ಎಂದು ಪದವೇ ಹೇಳಿಬಿಡುತ್ತದೆ. ‘ಅಣು’ ಇದಕ್ಕೆ ತಿರುಗಾಮುರುಗ. ಇದೇ ಮೂಲ, ಉಳಿದ ನೆಂಟರೆಲ್ಲ ಇದಕ್ಕೆ ಸೇರಿಕೊಂಡವರು. ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ 1949ರಲ್ಲಿ 250 ಸಮಾಜಗಳನ್ನು ಹೋಲಿಸಿ, ಈ ತಿರುಳು ಎಲ್ಲ ಕಡೆಯೂ ಇದೆ ಎಂದರು. ಅವರಿಗೆ ಎದುರಾಗಿ ಪದೇಪದೇ ತೋರಿಸುವುದು ನಾಯರ್ ತರವಾಡನ್ನು, ಅಂದರೆ ಕೇರಳದ ನಾಯರ್ ಜನರ ತಾಯಿಕಡೆಯ ಕೂಡುಮನೆಯನ್ನು. ಹಿಂದೆ ಮಧ್ಯ ಕೇರಳದಲ್ಲಿ ಗಂಡ ರಾತ್ರಿ ಹೆಂಡತಿಯ ತರವಾಡಿಗೆ ಬಂದು ಬೆಳಿಗ್ಗೆ ತನ್ನ ತಾಯಿಮನೆಗೆ ಹೋಗುತ್ತಿದ್ದ. ಮಕ್ಕಳು ಬೆಳೆಯುತ್ತಿದ್ದದ್ದು ಸೋದರಮಾವನ ಆಸರೆಯಲ್ಲಿ.

ಅಷ್ಟು ದೂರ ಯಾಕೆ, ನಮ್ಮಲ್ಲಿ ‘ಕುಟುಂಬ’ ಅನ್ನುವ ಪದವನ್ನೇ ನೋಡಿ. ಅಳಿಯಸಂತಾನದವರ (ತುಳುನಾಡಿನಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವವರು) ಬಾಯಲ್ಲಿ ಕುಟುಂಬ ಅಂದರೆ ಒಬ್ಬ ಹಿರಿಯಜ್ಜಿಯಿಂದ ಹೆಣ್ಣುಮಕ್ಕಳ ಮೂಲಕ ಬಂದವರು. ಅದರ ಕವಲಿಗೆ ‘ಕವರು’ ಅಂತ ಹೆಸರು. ಅದೇ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲೂ ಇವೇ ಎರಡು ಪದ. ಈ ಲೆಕ್ಕದಲ್ಲಿ ನನ್ನ ಅಪ್ಪ ನನ್ನ ಕುಟುಂಬದವರಲ್ಲ! ನಮ್ಮ ಜೊತೆಯೇ ಇದ್ದರು, ಹೆಗಲ ಮೇಲೆ ಹೊತ್ತು ಸಾಕಿದರು. ಆದರೂ ತಂಬಿಲದ (ಕುಟುಂಬದ ನಾಗ, ದೈವಗಳ ಪೂಜೆ) ದಿನ ಅವರು ಅವರ ಕುಟುಂಬದ ಮನೆಗೆ, ನಾವು ಅಮ್ಮನ ಜೊತೆ ನಮ್ಮದಕ್ಕೆ. ಕೇರಳದ ಕಾನೂನು 1976ರಲ್ಲಿ ಕೂಡುಕುಟುಂಬದ ಆಸ್ತಿ ಪದ್ಧತಿಯನ್ನು ಕೊನೆ ಮಾಡಿತು. ಮಾತು ಹಾಗೇ ಉಳಿದಿದೆ.

ಹಾಗಾಗಿ ಮಗಳ ಪುಸ್ತಕದ ‘ಅಣು’ವಿಗಿಂತ ‘ಕುಟುಂಬ’ವೇ ನನಗೆ ಜಾಸ್ತಿ ತೊಡಕು. ‘ಸಂಸಾರ’ ಅಂದರೆ ಆಗದೇ? ‘ಸಂಸಾರ ಸಮೇತ ಬಂದ’ ಅಂದರೆ ಹೆಂಡತಿ ಮಕ್ಕಳೇ ಕಣ್ಣಿಗೆ ಬರುವುದು, ಅಲ್ವಾ? ಯಾವುದು ಮೊದಲು, ಯಾವುದು ಆಮೇಲೆ ಎಂಬ ವಾದ ಆ ಪದದೊಳಗೆ ಇಲ್ಲ. ‘ಚಿಕ್ಕ ಸಂಸಾರ’ ಬೇಡ, ಅದು ಕುಟುಂಬ ಯೋಜನೆಯ ಮಾತಾಗಿ ಮಕ್ಕಳ ಎಣಿಕೆಗೆ ಹೋಗುತ್ತದೆ. ಬರೀ ‘ಸಂಸಾರ’ ಸಾಕು.

ಘಟ್ಟದ ಮೇಲಿನವರು, ಬಯಲುಸೀಮೆಯವರು ಹೇಳಿ. ಮದುವೆಯಾಗಿ ಬೇರೆ ಒಲೆ ಹೂಡಿದ ಮನೆಗೆ ನಿಮ್ಮಲ್ಲಿ ಹಿರಿಯರು ಏನನ್ನುತ್ತಾರೆ? ಅವರ ‘ಕುಟುಂಬ’ದಲ್ಲಿ ಅಪ್ಪ ಒಳಗೋ, ಹೊರಗೋ?